ಕೇಟ್ಲಿನ್ ಕ್ಲಾರ್ಕ್ ಅವರ ಕಾಲೇಜಿನ ಮೊದಲೆರಡು ವರ್ಷಗಳು: ಅಂಕಪಟ್ಟಿಯ ಹಿಂದಿನ ಆಟ

ಪ್ರಶ್ನೆ: ನನ್ನ ಮಗಳು ಮೈಸೂರಿನ ಕಾಲೇಜೊಂದರಲ್ಲಿ ಪದವಿಯ ಮೊದಲ ವರ್ಷ ಓದುತ್ತಿದ್ದಾಳೆ. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಒಯ್ದು ಆಟ ಕಟ್ಟುವ ಆಟಗಾರ್ತಿ, ಆಗಿ ಆಡುತ್ತಾಳೆ. ಅಮೆರಿಕದ ಕೇಟ್ಲಿನ್ ಕ್ಲಾರ್ಕ್ ಅವರ ವಿಡಿಯೊಗಳನ್ನು ದಿನವೂ ನೋಡಿ, ಪಂದ್ಯಗಳಲ್ಲಿ ತಾನೂ ಬಹಳ ದೂರದಿಂದ ಹೊಡೆಯಲು ಹೋಗುತ್ತಾಳೆ. ಚೆಂಡನ್ನು ಪದೇ ಪದೇ ಎದುರಾಳಿಗಳಿಗೆ ಬಿಟ್ಟುಕೊಡುತ್ತಾಳೆ. ಕೋಚ್ ತಿದ್ದಲು ಹೋದರೆ ‘ಕ್ಲಾರ್ಕ್ ಕೂಡ ಮೊದಮೊದಲು ಹೀಗೇ ಆಡುತ್ತಿದ್ದರು’ ಎನ್ನುತ್ತಾಳೆ. ಇದು ನಿಜವೇ? ಕಾಲೇಜಿನ ಆರಂಭದ ವರ್ಷಗಳಲ್ಲಿ ಅವರ ಆಟ ಹೇಗಿತ್ತು? ಅದರಲ್ಲಿ ನನ್ನ ಮಗಳು ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬೇಕು?

ಉತ್ತರ: ನಿಮ್ಮ ಮಗಳು ಹೇಳುತ್ತಿರುವುದರಲ್ಲಿ ಅರ್ಧ ನಿಜವಿದೆ. ಅಯೋವಾ ವಿಶ್ವವಿದ್ಯಾಲಯದ ತಂಡ ಸೇರಿದ ಮೊದಲ ವರ್ಷದಿಂದ ಕೊನೆಯ ವರ್ಷದವರೆಗೂ ಕ್ಲಾರ್ಕ್ ಪ್ರತಿ ಪಂದ್ಯದಲ್ಲಿ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಸಲ ಚೆಂಡು ಕಳೆದುಕೊಂಡಿದ್ದಾರೆ. ಇನ್ನೊಬ್ಬ ಆಟಗಾರ್ತಿ ಹೊಡೆದರೆ ಕೋಚ್ ಆ ಕ್ಷಣವೇ ಬೆಂಚಿಗೆ ಕರೆಸಿಕೊಳ್ಳುವಂಥ ದೂರದಿಂದ ಅವರು ಹೊಡೆಯುತ್ತಿದ್ದುದೂ ನಿಜ. ಆದರೆ ವಿಡಿಯೊ ತುಣುಕುಗಳಲ್ಲಿ ಕಾಣದ ಇನ್ನರ್ಧವಿದೆ. ಮೊದಲ ವರ್ಷದಲ್ಲಿ ಅವರು ಪಂದ್ಯಕ್ಕೆ 26.6 ಅಂಕ ಗಳಿಸಿ ಇಡೀ ದೇಶದಲ್ಲಿ ಮೊದಲಿಗರಾದಾಗಲೂ ಪ್ರತಿ ಪಂದ್ಯದಲ್ಲಿ ಏಳಕ್ಕೂ ಹೆಚ್ಚು ಅಸಿಸ್ಟ್, ಅಂದರೆ ಸಹ ಆಟಗಾರ್ತಿ ಬುಟ್ಟಿಗೆ ಹಾಕಲು ನೆರವಾದ ಪಾಸ್, ಕೊಟ್ಟಿದ್ದರು. ಅವರ ಆರಂಭದ ವರ್ಷಗಳನ್ನು ಅರ್ಥ ಮಾಡಿಕೊಳ್ಳಲು ಅಂಕಗಳಿಗಿಂತ ಈ ಅಸಿಸ್ಟ್‌ಗಳೇ ಹೆಚ್ಚು ನೆರವಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ತಪ್ಪು ಮಾಡುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿದ್ದಕ್ಕೆ ಕಾರಣ ಅವರ ಪ್ರತಿಭೆಯೊಂದೇ ಅಲ್ಲ. ತಂಡದ ರಚನೆ, ಕೋಚ್‌ಗಳ ಹಿನ್ನೆಲೆ, ಆ ವರ್ಷ ತಂಡದಲ್ಲಿ ಖಾಲಿ ಬಿದ್ದಿದ್ದ ಸ್ಥಾನ, ಇವೆಲ್ಲ ಅದರಲ್ಲಿ ಸೇರಿವೆ. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಕ್ಲಾರ್ಕ್ ಹುಟ್ಟಿದ್ದು 2002ರ ಜನವರಿ 22ರಂದು, ಅಯೋವಾ ರಾಜ್ಯದ ರಾಜಧಾನಿ ಡೆ ಮೊಯಿನ್‌ನಲ್ಲಿ. ಜೋಳ ಮತ್ತು ಸೋಯಾ ಬೆಳೆಯುವ ಈ ಮಧ್ಯ ಅಮೆರಿಕದ ರಾಜ್ಯದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಊರೂರಿನ ಹಬ್ಬವಾಗಿ ಬೆಳೆದದ್ದು. ಅದಕ್ಕೆ ಕಾರಣ ಒಂದು ವಿಚಿತ್ರ ನಿಯಮಾವಳಿ. ಅಲ್ಲಿನ ಹೈಸ್ಕೂಲುಗಳಲ್ಲಿ ದಶಕಗಳ ಕಾಲ ಹುಡುಗಿಯರು ಐವರ ಬದಲು ಆರು ಮಂದಿಯ ತಂಡದಲ್ಲಿ ಆಡುತ್ತಿದ್ದರು. ಮೂವರು ಅಂಗಳದ ಒಂದು ಅರ್ಧದಲ್ಲಿ ನಿಂತು ಆಕ್ರಮಣ ಮಾತ್ರ ಮಾಡಬೇಕು, ಉಳಿದ ಮೂವರು ಇನ್ನೊಂದು ಅರ್ಧದಲ್ಲಿ ರಕ್ಷಣೆ ಮಾತ್ರ ಮಾಡಬೇಕು. ನಡುಗೆರೆಯನ್ನು ಯಾರೂ ದಾಟುವಂತಿಲ್ಲ, ಎರಡಕ್ಕಿಂತ ಹೆಚ್ಚು ಸಲ ಚೆಂಡು ಪುಟಿಸುವಂತಿಲ್ಲ. ಹೆಣ್ಣುಮಕ್ಕಳ ದೇಹ ಪೂರ್ಣ ಅಂಗಳದ ಓಟ ತಡೆಯದು ಎಂಬ ಹಳೆಯ ತಪ್ಪು ನಂಬಿಕೆಯಿಂದ ಹುಟ್ಟಿದ ಈ ಪದ್ಧತಿ ಅಯೋವಾದಲ್ಲಿ 1993ರವರೆಗೂ ಉಳಿದಿತ್ತು. ನಂಬಿಕೆ ತಪ್ಪಾಗಿದ್ದರೂ ಅದರಿಂದ ಬಂದ ಫಲ ಬೇರೆಯೇ ಆಯಿತು: ಎರಡೇ ಡ್ರಿಬಲ್‌ನಲ್ಲಿ ಜಾಗ ಹುಡುಕಿ ಹೊಡೆಯುವ ಅಸಾಧಾರಣ ಗುರಿಕಾರ್ತಿಯರ ಪರಂಪರೆಯೊಂದು ಅಲ್ಲಿ ಬೆಳೆಯಿತು. ಅವರನ್ನು ನೋಡಲು ಕ್ರೀಡಾಂಗಣ ತುಂಬಿಸುವ ಪ್ರೇಕ್ಷಕರೂ ತಯಾರಾದರು.

ಕ್ಲಾರ್ಕ್ ಅವರನ್ನು ಅಯೋವಾ ತಂಡಕ್ಕೆ ಕರೆತಂದ ಮುಖ್ಯ ಕೋಚ್ ಲೀಸಾ ಬ್ಲೂಡರ್ ಮತ್ತು ಸಹ ಕೋಚ್ ಜ್ಯಾನ್ ಜೆನ್ಸನ್ ಇಬ್ಬರೂ ಇದೇ ಆರು ಮಂದಿಯ ಆಟದಿಂದ ಬಂದವರು. 1987ರಲ್ಲಿ, ಹೈಸ್ಕೂಲಿನ ಕೊನೆಯ ವರ್ಷದಲ್ಲಿ, ಜೆನ್ಸನ್ ಅವರ ಸರಾಸರಿ ಪಂದ್ಯಕ್ಕೆ 66 ಅಂಕ. ಹದಿನೆಂಟು ವರ್ಷದ ಹುಡುಗಿಯೊಬ್ಬಳು ಮೂವತ್ತು ಅಡಿ ದೂರದಿಂದ ಹೊಡೆಯುವುದನ್ನು ಕಂಡಾಗ ಬಹುತೇಕ ಕೋಚ್‌ಗಳು ಸಿಡುಕುತ್ತಾರೆ. ಒಬ್ಬ ಆಟಗಾರ್ತಿ ಪಂದ್ಯಕ್ಕೆ ಅರವತ್ತು ಅಂಕ ಹೊಡೆಯುವುದು ಸಹಜವಾಗಿದ್ದ ಲೋಕದಲ್ಲಿ ಬೆಳೆದವರಿಗೆ ಅದು ಅಪರಾಧವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ. ನಿಮ್ಮ ಮಗಳ ಕೋಚ್ ಗದರುತ್ತಾರೆಂದರೆ ಅವರು ತಪ್ಪು ಮಾಡುತ್ತಿದ್ದಾರೆ ಎಂದು ನಾನು ಇದರಿಂದ ಹೇಳುತ್ತಿಲ್ಲ. ಆ ಸ್ವಾತಂತ್ರ್ಯ ಎಲ್ಲಿಂದ ಬಂತು ಎಂಬುದು ತಿಳಿದಿರಲಿ ಎಂದಷ್ಟೇ.

ಬಾಲ್ಯದಲ್ಲಿ ಕ್ಲಾರ್ಕ್ ಕೆಲಕಾಲ ಹುಡುಗರ ತಂಡಗಳಲ್ಲೇ ಆಡಿದರು. ಅವರಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಮುಂದೆ ವೆಸ್ಟ್ ಡೆ ಮೊಯಿನ್‌ನ ಡೌಲಿಂಗ್ ಕ್ಯಾಥೊಲಿಕ್ ಹೈಸ್ಕೂಲು, ಬೇಸಿಗೆಯಲ್ಲಿ ಆಲ್ ಅಯೋವಾ ಅಟ್ಯಾಕ್ ಎಂಬ ಕ್ಲಬ್ಬು. 2019ರ ಫೆಬ್ರವರಿಯಲ್ಲಿ ಮೇಸನ್ ಸಿಟಿ ಶಾಲೆಯ ವಿರುದ್ಧ ಒಂದೇ ಪಂದ್ಯದಲ್ಲಿ 60 ಅಂಕ ಗಳಿಸಿದರು. ಅದರಲ್ಲಿ 13 ತ್ರೀ ಪಾಯಿಂಟರ್‌ಗಳು, ಅಂದರೆ ದೂರದ ಗೆರೆಯ ಹೊರಗಿನಿಂದ ಹೊಡೆದು ಮೂರು ಅಂಕ ತರುವ ಹೊಡೆತಗಳು. ಆದರೂ 2020ರಲ್ಲಿ ಕಾಲೇಜು ಸೇರುವ ಹುಡುಗಿಯರ ಸಾಲಿನಲ್ಲಿ ಕ್ರೀಡಾ ವಾಹಿನಿ ಇಎಸ್‌ಪಿಎನ್ ಅವರಿಗೆ ಕೊಟ್ಟ ಸ್ಥಾನ ನಾಲ್ಕನೆಯದು. ಮೊದಲ ಸ್ಥಾನ ಮಿನಿಸೋಟಾದ ಪೇಜ್ ಬೆಕರ್ಸ್ ಅವರದು. ನಾಟರ್ ಡೇಮ್‌ನಂಥ ಪ್ರಶಸ್ತಿ ಗೆದ್ದ ವಿಶ್ವವಿದ್ಯಾಲಯವೂ ಕ್ಲಾರ್ಕ್ ಅವರಿಗೆ ಆಸೆಯಿಂದ ಕಾದಿತ್ತು. ಅವರ ಒಲವೂ ಒಂದು ಹಂತದಲ್ಲಿ ಆ ಕಡೆಗೇ ಇತ್ತು. ಕೊನೆಗೆ 2019ರ ನವೆಂಬರ್‌ನಲ್ಲಿ ಅವರು ಆರಿಸಿಕೊಂಡದ್ದು ಮನೆಯಿಂದ ಎರಡು ಗಂಟೆಯೊಳಗಿನ ದಾರಿಯಲ್ಲಿದ್ದ ಅಯೋವಾ ವಿಶ್ವವಿದ್ಯಾಲಯವನ್ನು.

ಈ ಆಯ್ಕೆಯನ್ನು ‘ತವರಿನ ಪ್ರೀತಿ’ ಎಂದು ಮಾತ್ರ ಬರೆದು ಮುಗಿಸುವವರು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಅಯೋವಾ ತಂಡದ ಪಾಯಿಂಟ್ ಗಾರ್ಡ್ ಆಗಿದ್ದ ಕ್ಯಾಥ್ಲೀನ್ ಡಾಯ್ಲ್ 2020ರಲ್ಲಿ, ಅಯೋವಾ ಆಡುವ ವಿಶ್ವವಿದ್ಯಾಲಯಗಳ ಕೂಟವಾದ ಬಿಗ್ ಟೆನ್‌ನ ವರ್ಷದ ಆಟಗಾರ್ತಿ ಎನಿಸಿಕೊಂಡು, ಅದೇ ವರ್ಷ ಓದು ಮುಗಿಸಿ ಹೊರಟುಹೋದರು. ಚೆಂಡು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಆ ತಂಡದಲ್ಲಿ ಉತ್ತರವೇ ಇರಲಿಲ್ಲ. ಕ್ಲಾರ್ಕ್ ಮೊದಲ ದಿನದಿಂದಲೇ ಆ ಉತ್ತರವಾದರು. ಹಿರಿಯ ಗಾರ್ಡ್‌ಗಳು ತುಂಬಿರುವ ದೊಡ್ಡ ತಂಡವೊಂದನ್ನು ಸೇರಿದ್ದರೆ ಇದೇ ಆಟಗಾರ್ತಿ ಮೊದಲ ವರ್ಷ ಹದಿನೈದೋ ಇಪ್ಪತ್ತೋ ನಿಮಿಷ ಆಡಿ, ಮೂಲೆಯಲ್ಲಿ ನಿಂತು ಪಾಸ್‌ಗಾಗಿ ಕಾಯಬೇಕಾಗಿ ಬರುತ್ತಿತ್ತೋ ಏನೋ. ಯುವ ಆಟಗಾರ್ತಿಯರು ತಂಡ ಆರಿಸಿಕೊಳ್ಳುವಾಗ ಹೆಸರು ನೋಡುತ್ತಾರೆ. ತನ್ನ ಸ್ಥಾನದಲ್ಲಿ ಈಗ ಯಾರಿದ್ದಾರೆ, ಅವರು ಯಾವಾಗ ಹೋಗುತ್ತಾರೆ ಎಂಬುದನ್ನು ನೋಡುವವರು ಕಡಿಮೆ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಬೇಕೆಂದು ಕಾಲೇಜು ಹುಡುಕುವ ನಮ್ಮ ಮಕ್ಕಳಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ಮೊದಲ ಪಂದ್ಯ 2020ರ ನವೆಂಬರ್ 25ರಂದು, ನಾರ್ದರ್ನ್ ಅಯೋವಾ ವಿರುದ್ಧ: 27 ಅಂಕ, 8 ರೀಬೌಂಡ್ (ಬುಟ್ಟಿ ತಪ್ಪಿ ಬಂದ ಚೆಂಡನ್ನು ಹಿಡಿಯುವುದು), 4 ಅಸಿಸ್ಟ್. ಕೋವಿಡ್ ಕಾರಣ ಸುಮಾರು ಹದಿನೈದು ಸಾವಿರ ಆಸನಗಳ ಕಾರ್ವರ್ ಹಾಕ್‌ಐ ಕ್ರೀಡಾಂಗಣ ಸಾರ್ವಜನಿಕರಿಗೆ ಮುಚ್ಚಿತ್ತು. ಮುಂದೆ ಟಿಕೆಟ್ಟಿಗಾಗಿ ಜನ ಮುಗಿಬಿದ್ದ ಅದೇ ಅಂಗಳದಲ್ಲಿ ಅವರ ಮೊದಲ ವರ್ಷವೆಲ್ಲ ಖಾಲಿ ಕುರ್ಚಿಗಳ ಎದುರು ನಡೆಯಿತು. ಹೊಸಬಳೊಬ್ಬಳಿಗೆ ಇದು ನಷ್ಟವೋ ಲಾಭವೋ ಎಂಬ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ, ಲಾಭವೇ ಎನಿಸುತ್ತದೆ. ತಪ್ಪಿದ ಹೊಡೆತಕ್ಕೆ ಹದಿನೈದು ಸಾವಿರ ಮಂದಿ ಒಟ್ಟಿಗೆ ಉಸಿರುಬಿಡುವ ಸದ್ದು ಕೇಳದೆ ಒಂದಿಡೀ ವರ್ಷ ಕಲಿಯುವ ಅವಕಾಶ ಅದು.

ಆ ವರ್ಷ ಅವರು 30 ಪಂದ್ಯಗಳಲ್ಲಿ 799 ಅಂಕ ಗಳಿಸಿದರು. ತ್ರೀ ಪಾಯಿಂಟರ್ 286 ಹೊಡೆದು 116 ಬುಟ್ಟಿಗೆ ಹಾಕಿದರು, ಅಂದರೆ ನೂರಕ್ಕೆ ನಲವತ್ತಕ್ಕಿಂತ ಸ್ವಲ್ಪ ಹೆಚ್ಚು. ಈ ಅಂಕಿಗಳು ಎಲ್ಲರಿಗೂ ಗೊತ್ತು. ಅವು ಹೇಗೆ ಬಂದವು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳಬೇಕೆಂದರೆ ಒಂದೇ ಒಂದು ಆಟದ ತುಣುಕನ್ನು ನಿಧಾನವಾಗಿ ನೋಡೋಣ.

ಕ್ಲಾರ್ಕ್ ಚೆಂಡು ತೆಗೆದುಕೊಂಡು ನಡುಗೆರೆ ದಾಟುತ್ತಾರೆ. ಬೇರೆ ಗಾರ್ಡ್ ಆಗಿದ್ದರೆ ರಕ್ಷಕಿ ತ್ರೀ ಪಾಯಿಂಟ್ ಗೆರೆಯ ಒಳಗೆ ಆರಾಮವಾಗಿ ಕಾಯುತ್ತಾಳೆ. ಇಲ್ಲಿ ಹಾಗಿಲ್ಲ, ಅಂಗಳದ ನಡುವಿನ ಲಾಂಛನದ ಬಳಿಯೇ ಬಂದು ಮೈಗೆ ಮೈ ತಾಗಿಸಿ ನಿಲ್ಲಬೇಕು. ಇಲ್ಲದಿದ್ದರೆ ಅಲ್ಲಿಂದಲೇ ಹೊಡೆತ. ಇನ್ನೊಬ್ಬ ಅಯೋವಾ ಆಟಗಾರ್ತಿ ಬಂದು ಆ ರಕ್ಷಕಿಗೆ ಅಡ್ಡ ನಿಲ್ಲುತ್ತಾರೆ, ಅಂದರೆ ಸ್ಕ್ರೀನ್ ಹಾಕುತ್ತಾರೆ. ಕ್ಲಾರ್ಕ್ ಎಡಗಡೆಗೆ ಎರಡು ಡ್ರಿಬಲ್ ಹಾಕಿದ ಕೂಡಲೇ ಎರಡನೆಯ ರಕ್ಷಕಿಯೂ ಅವರತ್ತ ಜಿಗಿಯುತ್ತಾಳೆ, ಏಕೆಂದರೆ ಎಡಕ್ಕೆ ಸರಿದು ಒಂದು ಹೆಜ್ಜೆ ಹಿಂದೆ ಹಾರಿ ಹೊಡೆಯುವುದು ಅವರ ಮೆಚ್ಚಿನ ಹೊಡೆತವೆಂದು ಎಲ್ಲರಿಗೂ ಗೊತ್ತು. ಈಗ ಇಬ್ಬರು ರಕ್ಷಕಿಯರು ಬುಟ್ಟಿಯಿಂದ ಮೂವತ್ತು ಅಡಿ ದೂರದಲ್ಲಿದ್ದಾರೆ. ಬುಟ್ಟಿಯ ಕೆಳಗೆ ಸೆಂಟರ್ ಮೋನಿಕಾ ಸಿನಾನೊ ತನ್ನ ರಕ್ಷಕಿಯನ್ನು ಬೆನ್ನ ಹಿಂದೆ ಹಾಕಿಕೊಂಡು ಒಂದು ಕೈ ಮೇಲೆತ್ತಿ ನಿಂತಿದ್ದಾರೆ, ನೆರವಿಗೆ ಬರಬೇಕಾದವರು ಯಾರೂ ಹತ್ತಿರವಿಲ್ಲ. ಚೆಂಡು ಇಬ್ಬರ ನಡುವಿನ ಕಿಂಡಿಯಿಂದ ನೆಲಕ್ಕೆ ಒಮ್ಮೆ ಪುಟಿದು, ಇಲ್ಲವೇ ತಲೆಯ ಮೇಲಿಂದ ನೇರವಾಗಿ, ಆ ಕೈಗೆ ಬಂದು ಸೇರುತ್ತದೆ. ಸಿನಾನೊ ಆ ವರ್ಷಗಳಲ್ಲಿ ತಾವು ಹೊಡೆದ ಮೂರರಲ್ಲಿ ಎರಡನ್ನು ಬುಟ್ಟಿಗೆ ಹಾಕುತ್ತಿದ್ದರು.

ದೂರದ ಹೊಡೆತದ ಕೆಲಸ ಅಂಕ ತರುವುದಷ್ಟೇ ಆಗಿರಲಿಲ್ಲ ಎಂಬುದು ಇದರಿಂದ ಕಾಣುತ್ತದೆ. ಹೊಡೆಯುವ ಭಯ ತೋರಿಸಿ ರಕ್ಷಣೆಯನ್ನು ಬುಟ್ಟಿಯಿಂದ ಹೊರಗೆಳೆಯುವುದು, ಎಳೆದ ಜಾಗದಲ್ಲಿ ಇನ್ನೊಬ್ಬರಿಗೆ ಬುಟ್ಟಿಯ ಹತ್ತಿರದ ಸುಲಭದ ಹೊಡೆತ (ಲೇಅಪ್) ಕೊಡುವುದು, ಇವೆರಡೂ ಒಂದೇ ಯೋಜನೆಯ ಎರಡು ತುದಿಗಳು. ಸಿನಾನೊ, ಮೆಕೆನ್ನಾ ವಾರ್ನಾಕ್, ಗ್ಯಾಬಿ ಮಾರ್ಷಲ್, ಕೇಟ್ ಮಾರ್ಟಿನ್ ಮತ್ತು ಕ್ಲಾರ್ಕ್ ಮೂರು ವರ್ಷ ಒಂದೇ ಮೊದಲ ಐವರಾಗಿ ಆಡಿದರು. ಯಾವಾಗ ಯಾವ ಕೈ ಎಲ್ಲಿ ಏಳುತ್ತದೆ ಎಂಬ ತಿಳಿವಳಿಕೆ ಇಂಥ ಒಡನಾಟದಿಂದ ಬರುತ್ತದೆ, ತರಬೇತಿಯ ಪುಸ್ತಕದಿಂದಲ್ಲ. ಸಿಗುತ್ತಿದ್ದ ಅಸಿಸ್ಟ್‌ಗಳೂ ಕಳೆದುಹೋಗುತ್ತಿದ್ದ ಚೆಂಡುಗಳೂ ಬಹುಮಟ್ಟಿಗೆ ಒಂದೇ ಮೂಲದಿಂದ ಬರುತ್ತಿದ್ದವು: ಬೇರೆಯವರು ಪ್ರಯತ್ನಿಸದ ಪಾಸ್ ಅನ್ನು ಅವರು ಪ್ರಯತ್ನಿಸುತ್ತಿದ್ದರು.

ಆ ಮೊದಲ ವರ್ಷದ ತಂಡ ದೋಷಮುಕ್ತವಾಗಿರಲಿಲ್ಲ. ಆಕ್ರಮಣದಲ್ಲಿ ದೇಶದ ಶ್ರೇಷ್ಠ ತಂಡಗಳ ಸಾಲಿನಲ್ಲಿದ್ದ ಅಯೋವಾ, ರಕ್ಷಣೆಯಲ್ಲಿ ಪಂದ್ಯಕ್ಕೆ ಸುಮಾರು ಎಂಬತ್ತು ಅಂಕ ಬಿಟ್ಟುಕೊಡುತ್ತಿತ್ತು. 20 ಗೆಲುವು, 10 ಸೋಲು. ಬಿಗ್ ಟೆನ್ ಟೂರ್ನಿಯ ಫೈನಲ್‌ನಲ್ಲಿ ಮೇರಿಲ್ಯಾಂಡ್ ವಿರುದ್ಧ 104-84ರಲ್ಲಿ ಸೋತಿತು. ಎಂಬತ್ತನಾಲ್ಕು ಅಂಕ ಹೊಡೆದೂ ಇಪ್ಪತ್ತರ ಅಂತರದಲ್ಲಿ ಸೋಲುವ ತಂಡಕ್ಕೆ ಏನು ಬೇಕಾಗಿತ್ತು ಎಂಬುದನ್ನು ವಿವರಿಸಬೇಕಿಲ್ಲ.

ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ನಡೆಸುವ ಆ ವರ್ಷದ ರಾಷ್ಟ್ರೀಯ ಟೂರ್ನಿ ಸೋಂಕಿನ ಕಾರಣ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೊ ಮತ್ತು ಸುತ್ತಮುತ್ತ ಒಂದೇ ಕಡೆ ನಡೆಯಿತು. ಪುರುಷರ ಟೂರ್ನಿಗೆ ವಿಶಾಲ ವ್ಯಾಯಾಮಶಾಲೆ, ಮಹಿಳೆಯರಿಗೆ ಒಂದು ಸ್ಟ್ಯಾಂಡ್ ಡಂಬೆಲ್ ಎಂಬ ತಾರತಮ್ಯವನ್ನು ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ವಿಡಿಯೊ ಮಾಡಿ ಹಾಕಿ, ದೇಶವೇ ಅದನ್ನು ಕುರಿತು ಮಾತನಾಡಿದ್ದು ಇಲ್ಲಿಯೇ. ಕ್ಲಾರ್ಕ್ ಅವರ ಪೀಳಿಗೆ ಕಾಲೇಜು ಆಟಕ್ಕೆ ಕಾಲಿಟ್ಟದ್ದು ಇಂಥ ಹೊತ್ತಿನಲ್ಲಿ. ಅವರಿಗೆ ಮುಂದೆ ಸಿಕ್ಕ ಸೌಲಭ್ಯ ಮತ್ತು ಪ್ರಚಾರದ ಹಿಂದೆ ಬೇರೆ ಆಟಗಾರ್ತಿಯರು ಎತ್ತಿದ ದನಿ ಇದೆ ಎಂಬುದನ್ನು ನಾನು ಎಲ್ಲಿ ಬರೆದರೂ ಬಿಡುವುದಿಲ್ಲ.

ಅಯೋವಾ ಅಲ್ಲಿ ಎರಡು ಪಂದ್ಯ ಗೆದ್ದಿತು. ಕೆಂಟಕಿ ವಿರುದ್ಧ ಕ್ಲಾರ್ಕ್ 35 ಅಂಕ ಹೊಡೆದರು. ಕೊನೆಯ ಹದಿನಾರರ ಹಂತದಲ್ಲಿ, ಮಾರ್ಚ್ 27ರಂದು, ಎದುರಾದದ್ದು ಪೇಜ್ ಬೆಕರ್ಸ್ ಅವರ ಕನೆಕ್ಟಿಕಟ್. ಟಿವಿಯವರು ಅದನ್ನು ಇಬ್ಬರು ಹೊಸ ತಾರೆಗಳ ದ್ವಂದ್ವಯುದ್ಧವೆಂದು ಬಿಂಬಿಸಿದರು. ಕ್ಲಾರ್ಕ್ 21 ಅಂಕ ಗಳಿಸಿದರು, ಬೆಕರ್ಸ್ 18. ಪಂದ್ಯ ಮಾತ್ರ ಕನೆಕ್ಟಿಕಟ್ ಪರ 92-72. ಹೆಚ್ಚು ಅಂಕ ಹೊಡೆದದ್ದು ಈ ಇಬ್ಬರಲ್ಲಿ ಯಾರೂ ಅಲ್ಲ, 27 ಗಳಿಸಿದ ಕನೆಕ್ಟಿಕಟ್‌ನ ಕ್ರಿಸ್ಟಿನ್ ವಿಲಿಯಮ್ಸ್. ಒಬ್ಬ ಗಾರ್ಡ್ ಎಷ್ಟೇ ಚೆನ್ನಾಗಿ ಆಡಿದರೂ ಉದ್ದನೆಯ ಕೈಗಳ, ಸರದಿಯ ಮೇಲೆ ಬಂದು ಕಾಡುವ ರಕ್ಷಕಿಯರ ದಂಡು ಏನು ಮಾಡಬಲ್ಲದು ಎಂಬುದು ಆ ದಿನ ಕ್ಲಾರ್ಕ್ ಅವರಿಗೆ ಗೊತ್ತಾಯಿತು. ಬೆಕರ್ಸ್ ಆ ವರ್ಷ ರಾಷ್ಟ್ರದ ವರ್ಷದ ಆಟಗಾರ್ತಿ ಪ್ರಶಸ್ತಿಗಳನ್ನು ಗೆದ್ದು, ಮರುವರ್ಷ ಮೊಣಕಾಲಿನ ಗಾಯದಿಂದ ಬಹಳ ಪಂದ್ಯ ಕಳೆದುಕೊಂಡು, ಅದರ ಮುಂದಿನ ವರ್ಷ ಆಡಲೇ ಆಗದೆ, ಕೊನೆಗೆ 2025ರಲ್ಲಿ ತಂಡದೊಂದಿಗೆ ರಾಷ್ಟ್ರೀಯ ಟೂರ್ನಿ ಗೆದ್ದರು. ಒಂದೇ ಸಾಲಿನಲ್ಲಿ ಕಾಲೇಜಿಗೆ ಬಂದ ಇಬ್ಬರ ದಾರಿ ಎಷ್ಟು ಬೇರೆಯಾಗಬಲ್ಲದು ಎಂಬುದನ್ನು ನಿಮ್ಮ ಮಗಳು ಗಮನಿಸಲಿ. ಕ್ಲಾರ್ಕ್ ನಾಲ್ಕೂ ವರ್ಷ ಅಂಗಳದಲ್ಲಿ ಉಳಿದದ್ದೇ ಒಂದು ದೊಡ್ಡ ಬಲವಾಗಿತ್ತು.

2021ರ ಆಗಸ್ಟ್‌ನಲ್ಲಿ ಹಂಗರಿಯ ಡೆಬ್ರೆಸೆನ್‌ನಲ್ಲಿ ನಡೆದ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಅಮೆರಿಕ ಚಿನ್ನ ಗೆದ್ದಿತು, ಕ್ಲಾರ್ಕ್ ಟೂರ್ನಿಯ ಅತ್ಯುತ್ತಮ ಆಟಗಾರ್ತಿಯಾದರು. ಅದೇ ವರ್ಷದ ಜುಲೈ 1ರಿಂದ ಕಾಲೇಜು ಕ್ರೀಡಾಪಟುಗಳು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದು ಎಂಬ ಹೊಸ ವ್ಯವಸ್ಥೆಯೂ ಜಾರಿಗೆ ಬಂದಿತ್ತು. ಎರಡನೆಯ ವರ್ಷಕ್ಕೆ ಅವರು ಬಂದದ್ದು ಇಷ್ಟೆಲ್ಲ ನಿರೀಕ್ಷೆ ಹೊತ್ತು.

ಈ ಎರಡನೆಯ ವರ್ಷವೇ ನನಗೆ ಅವರ ಕಾಲೇಜು ಜೀವನದ ಅತ್ಯಂತ ಕುತೂಹಲದ ಭಾಗ. ಆ ವರ್ಷ ಎನ್‌ಸಿಎಎ ಮಹಿಳೆಯರ ತ್ರೀ ಪಾಯಿಂಟ್ ಗೆರೆಯನ್ನು 20 ಅಡಿ 9 ಇಂಚಿನಿಂದ 22 ಅಡಿ ಒಂದೂಮುಕ್ಕಾಲು ಇಂಚಿಗೆ, ಅಂದರೆ ಅಂತಾರಾಷ್ಟ್ರೀಯ ಅಳತೆಯಾದ 6.75 ಮೀಟರಿಗೆ, ಹಿಂದೆ ಸರಿಸಿತು. ಕ್ಲಾರ್ಕ್ 274 ಸಲ ಹೊಡೆದು 91ನ್ನು ಮಾತ್ರ ಬುಟ್ಟಿಗೆ ಹಾಕಿದರು, ನೂರಕ್ಕೆ ಮೂವತ್ತಮೂರು. ಒಂದೇ ವರ್ಷದಲ್ಲಿ ಏಳು ಅಂಶ ಕುಸಿತ! ಗೆರೆ ಸರಿದದ್ದೊಂದೇ ಇದಕ್ಕೆ ಕಾರಣವೆನ್ನಲು ನಾನು ಸಿದ್ಧನಿಲ್ಲ, ಏಕೆಂದರೆ ಅವರು ಹಳೆಯ ಗೆರೆಯಿಂದಲೂ ಬಹಳ ಹಿಂದೆ ನಿಂತೇ ಹೊಡೆಯುತ್ತಿದ್ದರು. ಎದುರಾಳಿಗಳು ಈಗ ಅವರನ್ನು ಅರಿತು, ಇಬ್ಬಿಬ್ಬರಾಗಿ ಮುತ್ತುತ್ತಿದ್ದುದೂ ಕಾರಣ. ಆದರೂ ಅವರ ಸರಾಸರಿ ಅಂಕ 27ಕ್ಕೆ ಏರಿತು, ಅಸಿಸ್ಟ್ ಪಂದ್ಯಕ್ಕೆ 8, ರೀಬೌಂಡ್ 8. ಅಮೆರಿಕದ ಮಹಿಳಾ ಕಾಲೇಜು ಆಟದ ಮೊದಲ ದರ್ಜೆಯಲ್ಲಿ ಒಂದೇ ಋತುವಿನಲ್ಲಿ ಅಂಕದ ಸರಾಸರಿಯಲ್ಲೂ ಅಸಿಸ್ಟ್ ಸರಾಸರಿಯಲ್ಲೂ ದೇಶಕ್ಕೆ ಮೊದಲಿಗರಾದ ಆಟಗಾರ್ತಿ ಅದುವರೆಗೆ ಯಾರೂ ಇರಲಿಲ್ಲ.

ಹೊಡೆತ ಕೈಕೊಟ್ಟ ವರ್ಷದಲ್ಲೇ ಆಟ ಬೆಳೆದದ್ದು ಹೇಗೆ? ಹೊರಗಿನ ಹೊಡೆತಕ್ಕೆ ಅಡ್ಡಿಯಾದಾಗ ಅವರು ಬುಟ್ಟಿಯತ್ತ ನುಗ್ಗಿದರು, ತಪ್ಪಿದ ಚೆಂಡಿಗಾಗಿ ಒಳಗೆ ಹೋಗಿ ಹೋರಾಡಿದರು, ರೀಬೌಂಡ್ ಹಿಡಿದ ಕೂಡಲೇ ತಾವೇ ಚೆಂಡು ಒಯ್ದು ಓಟದಲ್ಲಿದ್ದ ಸಹ ಆಟಗಾರ್ತಿಗೆ ಮುಂದಕ್ಕೆ ಎಸೆದರು. ಗಾರ್ಡ್ ಒಬ್ಬರು ಪಂದ್ಯಕ್ಕೆ ಎಂಟು ರೀಬೌಂಡ್ ಹಿಡಿಯುವುದು ಸಾಮಾನ್ಯವಲ್ಲ. ವಿಡಿಯೊ ತುಣುಕುಗಳಲ್ಲಿ ಈ ಕೆಲಸಕ್ಕೆ ಜಾಗ ಸಿಗುವುದಿಲ್ಲ. ಲಾಂಛನದಿಂದ ಹೊಡೆದದ್ದಕ್ಕೆ ಸಿಗುತ್ತದೆ. ನಿಮ್ಮ ಮಗಳು ದಿನವೂ ನೋಡುತ್ತಿರುವುದು ಆ ಆಟದ ಹತ್ತರಲ್ಲೊಂದು ಪಾಲನ್ನು ಮಾತ್ರ ಎಂಬುದೇ ನನ್ನ ದೊಡ್ಡ ಕಳವಳ.

ಆ ವರ್ಷದ ಮೂರು ಪಂದ್ಯಗಳನ್ನು ಬೇರೆಯಾಗಿ ಹೇಳಬೇಕು. 2022ರ ಫೆಬ್ರವರಿ 6ರಂದು ಮಿಷಿಗನ್‌ನಲ್ಲಿ ಕ್ಲಾರ್ಕ್ 46 ಅಂಕ ಹೊಡೆದರು. ಅದರ ದೊಡ್ಡ ಪಾಲು ಬಂದದ್ದು ಕೊನೆಯ ಕ್ವಾರ್ಟರ್‌ನಲ್ಲಿ, ಬಹಳ ಹಿಂದೆ ಬಿದ್ದಿದ್ದ ತಂಡವನ್ನು ಒಬ್ಬರೇ ಎಳೆದು ತರುವಂತೆ. ದೇಶದಾದ್ಯಂತ ಅವರ ಹೆಸರು ಹರಡಿದ್ದು ಆ ದಿನದ ದೂರದ ಹೊಡೆತಗಳಿಂದ. ಅಯೋವಾ ಆ ಪಂದ್ಯವನ್ನು 98-90ರಲ್ಲಿ ಸೋತಿತು. ಅದೇ ತಿಂಗಳ 27ರಂದು ಅದೇ ಮಿಷಿಗನ್ ಅಯೋವಾಕ್ಕೆ ಬಂದಾಗ ಕ್ಲಾರ್ಕ್ 38 ಅಂಕ ಗಳಿಸಿದರು, ತಂಡ 104-80ರಲ್ಲಿ ಗೆದ್ದು ಬಿಗ್ ಟೆನ್ ಕೂಟದ ಅಗ್ರಸ್ಥಾನವನ್ನು ಒಹಾಯೊ ಸ್ಟೇಟ್ ಜೊತೆ ಹಂಚಿಕೊಂಡಿತು. ಎಂಟು ಅಂಕ ಕಡಿಮೆ ಹೊಡೆದ ದಿನ ತಂಡ ಇಪ್ಪತ್ತನಾಲ್ಕು ಅಂಕಗಳಿಂದ ಗೆದ್ದಿತು. ಮಾರ್ಚ್‌ನಲ್ಲಿ ಬಿಗ್ ಟೆನ್ ಟೂರ್ನಿಯನ್ನೂ ಗೆದ್ದರು.

ಮೂರನೆಯದು ಸೋಲು. ರಾಷ್ಟ್ರೀಯ ಟೂರ್ನಿಯ ಎರಡನೆಯ ಸುತ್ತು, ಸ್ವಂತ ಅಂಗಳ, ತುಂಬಿದ ಪ್ರೇಕ್ಷಕರು, ತಮ್ಮ ಭಾಗದಲ್ಲಿ ಎರಡನೆಯ ಶ್ರೇಯಾಂಕ. ಎದುರಾಳಿ ಅಷ್ಟೇನೂ ಹೆಸರಿಲ್ಲದ ಕ್ರೇಟನ್. ಕ್ಲಾರ್ಕ್ 15 ಅಂಕಗಳಿಗೇ ನಿಂತುಬಿಟ್ಟರು. ಕೊನೆಯ ಕ್ಷಣಗಳಲ್ಲಿ ಮುನ್ನಡೆಯ ತ್ರೀ ಪಾಯಿಂಟರ್ ಹಾಕಿದ್ದು ಲಾರೆನ್ ಜೆನ್ಸನ್. ಹಿಂದಿನ ವರ್ಷ ಅಯೋವಾ ತಂಡದಲ್ಲೇ ಇದ್ದು, ಆಡಲು ಹೆಚ್ಚು ಅವಕಾಶವಿರದೆ, ಕ್ರೇಟನ್‌ಗೆ ಹೋಗಿದ್ದವರು. ಅಂತಿಮ ಅಂಕ 64-62. ಕ್ಲಾರ್ಕ್ ಅವರಿಗೆ ಬೆಳೆಯಲು ಸಿಕ್ಕ ಜಾಗ ಇನ್ನೊಬ್ಬ ಒಳ್ಳೆಯ ಆಟಗಾರ್ತಿಗೆ ಸಿಗದ ಜಾಗವೂ ಆಗಿತ್ತು ಎಂಬುದನ್ನು ಆ ಒಂದು ಹೊಡೆತ ಹೇಳಿತು. ಒಬ್ಬರಿಗೆ ಕೊಟ್ಟ ಸ್ವಾತಂತ್ರ್ಯಕ್ಕೆ ತಂಡದಲ್ಲಿ ಇನ್ಯಾರೋ ಬೆಲೆ ತೆರುತ್ತಾರೆ. ಕೋಚ್‌ಗಳ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ.

ಇನ್ನೊಂದು ವಿಷಯ ಆ ವರ್ಷಗಳಲ್ಲಿ ಅವರ ಹಾವಭಾವ. ಸಹ ಆಟಗಾರ್ತಿ ಪಾಸ್ ಹಿಡಿಯದೆ ಬಿಟ್ಟಾಗ ಕೈ ಚೆಲ್ಲುವುದು, ತೀರ್ಪುಗಾರರ ಶಿಳ್ಳೆಗೆ ಮುಖ ಕಿವಿಚುವುದು, ತಪ್ಪಿದ ಹೊಡೆತದ ನಂತರ ರಕ್ಷಣೆಗೆ ತಡವಾಗಿ ಹಿಂದಿರುಗುವುದು. ಕೋಚ್‌ಗಳು ಇಂಥ ತುಣುಕುಗಳನ್ನು ಒಟ್ಟುಗೂಡಿಸಿ, ಆಟದ ತಂತ್ರದ ಬಗ್ಗೆ ಮಾತನಾಡದೆ ಈ ಭಾವಗಳನ್ನಷ್ಟೇ ಅವರಿಗೆ ತೋರಿಸಿದರು. ಪೂರ್ತಿ ಹೋಯಿತೆಂದು ನಾನು ಹೇಳಲಾರೆ, ಆದರೆ ಮೂರನೆಯ ವರ್ಷಕ್ಕೆ ಬಹಳ ಇಳಿಯಿತು. ನಾಯಕಿಯ ಮುಖ ನೋಡಿ ಉಳಿದ ನಾಲ್ವರು ತಮ್ಮ ಮುಂದಿನ ಹೊಡೆತದ ಧೈರ್ಯ ಅಳೆದುಕೊಳ್ಳುತ್ತಾರೆ. ನಿಮ್ಮ ಮಗಳ ಪಂದ್ಯವನ್ನು ಯಾರಾದರೂ ಮೊಬೈಲಿನಲ್ಲಿ ಚಿತ್ರೀಕರಿಸುವುದಾದರೆ ಬುಟ್ಟಿಯ ಬದಲು ಹತ್ತು ನಿಮಿಷ ಆಕೆಯನ್ನೇ ಹಿಂಬಾಲಿಸಲು ಹೇಳಿ. ಉಪದೇಶಕ್ಕಿಂತ ಆ ಹತ್ತು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ.

ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ಮೂರನೆಯ ವರ್ಷ ಲೂಯಿವಿಲ್ ವಿರುದ್ಧ 41 ಅಂಕ, 10 ರೀಬೌಂಡ್, 12 ಅಸಿಸ್ಟ್. ಸತತ 42 ಪಂದ್ಯ ಗೆದ್ದಿದ್ದ ಸೌತ್ ಕೆರೊಲೈನಾವನ್ನು ಡಲ್ಲಾಸ್‌ನಲ್ಲಿ ಸೋಲಿಸಿದ್ದು. ನಾಲ್ಕನೆಯ ವರ್ಷ ದಾಖಲೆಗಳು, ಒಟ್ಟು 3,951 ಅಂಕ. ಎರಡು ಸಲ ಫೈನಲ್ ತಲುಪಿ ಎರಡು ಸಲವೂ ಸೋತದ್ದೂ ಅದರಲ್ಲಿ ಸೇರಿದೆ. ಅಸಿಸ್ಟ್ ಸರಾಸರಿ 7.1, 8.0, 8.6, 8.9 ಎಂದು ವರ್ಷ ವರ್ಷ ಏರುತ್ತಲೇ ಹೋಯಿತು. ಹೊಡೆತದ ನಿಖರತೆ ಹೀಗೆ ಒಂದೇ ಸಮನೆ ಏರಲಿಲ್ಲ.

ಈಗ ನಿಮ್ಮ ಮಗಳ ವಿಷಯ. ಹೋಲಿಕೆ ಮಾಡುವ ಮೊದಲು ನಿಯಮಗಳನ್ನು ನೋಡಿಕೊಳ್ಳಿ. ಅಮೆರಿಕದ ಮಹಿಳಾ ಕಾಲೇಜು ಪಂದ್ಯಕ್ಕೂ ನಮ್ಮಲ್ಲಿ ಆಡುವ ಅಂತಾರಾಷ್ಟ್ರೀಯ ನಿಯಮದ ಪಂದ್ಯಕ್ಕೂ ಅವಧಿ ಒಂದೇ, ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ತ್ರೀ ಪಾಯಿಂಟ್ ಗೆರೆಯೂ ಈಗ ಒಂದೇ. ಆದರೆ ಅಲ್ಲಿ ಹೊಡೆಯಲು 30 ಸೆಕೆಂಡು ಸಿಗುತ್ತದೆ, ಇಲ್ಲಿ 24. ಆ ಆರು ಸೆಕೆಂಡು ಪಾಯಿಂಟ್ ಗಾರ್ಡ್‌ಗೆ ಬಹಳ ದೊಡ್ಡದು: ಮೊದಲ ಯೋಜನೆ ಮುರಿದಾಗ ಎರಡನೆಯದನ್ನು ಕಟ್ಟಲು ಬೇಕಾದಷ್ಟು ಹೊತ್ತು ಅದು. ಇಲ್ಲಿ ಮೊದಲ ನಿರ್ಧಾರವೇ ಬೇಗ ಆಗಬೇಕು, ಅದಕ್ಕೇ ಅವಸರದ ದೂರದ ಹೊಡೆತದ ಆಸೆಯೂ ಹೆಚ್ಚು.

ದೂರದ ಹೊಡೆತವನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಅದನ್ನು ಅಭ್ಯಾಸದಲ್ಲಿ ಗಳಿಸಬೇಕು. ಗೆರೆಯ ಮೇಲಿಂದ, ಓಡಿದ ಆಯಾಸದಲ್ಲಿ, ಒಬ್ಬರು ಕೈ ಅಡ್ಡ ಹಿಡಿದಿರುವಾಗ ಮೂರಕ್ಕೆ ಒಂದಾದರೂ ಬೀಳುತ್ತಿದ್ದರೆ ಪಂದ್ಯದಲ್ಲಿ ಆ ಹೊಡೆತ ಕೇಳುವ ಹಕ್ಕು ಆಕೆಗಿದೆ, ಇಲ್ಲದಿದ್ದರೆ ಕೋಚ್ ಹೇಳುವುದೇ ಸರಿ. ಗೆರೆಯಿಂದ ಐದಾರು ಅಡಿ ಹಿಂದಿನ ಹೊಡೆತ ಅದಾದ ಮೇಲಿನ ಮಾತು. ದೂರದಿಂದ ಹೊಡೆಯಲು ತೋಳಿನ ಬಲ ಸಾಲದೆ ಚೆಂಡನ್ನು ಸೊಂಟದಿಂದ ಎತ್ತಿ ಎಸೆಯುವ ಅಭ್ಯಾಸವಾದರೆ ಅದನ್ನು ಬಿಡಿಸಲು ವರ್ಷಗಳೇ ಬೇಕು.

ಚೆಂಡು ಕಳೆದುಕೊಳ್ಳುವುದರ ಲೆಕ್ಕವನ್ನು ಒಂದೇ ಅಂಕಿಯಾಗಿ ಇಡಬೇಡಿ. ಮುಂದೆ ಓಡುತ್ತಿದ್ದ ಸಹ ಆಟಗಾರ್ತಿಗೆ ಎಸೆದು ತಪ್ಪಿದ್ದು ಬೇರೆ. ಇಬ್ಬರು ರಕ್ಷಕಿಯರು ಮುತ್ತಿದಾಗ ಪಾಸ್ ಮಾಡದೆ ಡ್ರಿಬಲ್ ಮುಂದುವರಿಸಿ ಕಳೆದುಕೊಂಡದ್ದು ಬೇರೆ. ಯಾರೂ ಕಾಡದಿದ್ದಾಗ ನಿರ್ಲಕ್ಷ್ಯದಿಂದ ಬಿಟ್ಟುಕೊಟ್ಟದ್ದು ಬೇರೆ. ಮೊದಲ ಬಗೆಯದನ್ನು ಮೊದಲ ವರ್ಷದ ಗಾರ್ಡ್‌ಗೆ ನಾನು ಧಾರಾಳವಾಗಿ ಕ್ಷಮಿಸುತ್ತೇನೆ, ಕ್ಲಾರ್ಕ್ ಅವರಿಗೆ ಬ್ಲೂಡರ್ ಕ್ಷಮಿಸಿದ್ದೂ ಹೆಚ್ಚಾಗಿ ಇದನ್ನೇ. ಎರಡನೆಯದು ತರಬೇತಿಯಿಂದ ಸರಿಯಾಗುತ್ತದೆ. ಮೂರನೆಯದಕ್ಕೆ ಬೆಂಚೇ ಔಷಧ. ಐದಾರು ಪಂದ್ಯಗಳಿಗೆ ಈ ಮೂರು ಬಗೆಯ ಲೆಕ್ಕವನ್ನು ಅಸಿಸ್ಟ್‌ಗಳ ಜೊತೆಯಲ್ಲೇ ಬರೆದಿಟ್ಟು, ಆ ಹಾಳೆಯನ್ನು ಹಿಡಿದು ಆಕೆಯೇ ಕೋಚ್ ಬಳಿ ಹೋಗಲಿ. ತಂದೆತಾಯಿ ಹೋಗುವುದಕ್ಕಿಂತ ಅದು ಮೇಲು.

ಆಕೆ ಕ್ಲಾರ್ಕ್ ಅವರ ಆಟ ನೋಡುವುದನ್ನು ತಡೆಯಬೇಡಿ, ನೋಡುವ ಕ್ರಮವನ್ನು ಮಾತ್ರ ಬದಲಿಸಿ. ಎರಡು ನಿಮಿಷದ ತುಣುಕುಗಳ ಬದಲು 2022ರ ಫೆಬ್ರವರಿಯ ಆ ಎರಡು ಮಿಷಿಗನ್ ಪಂದ್ಯಗಳನ್ನು, ಸೋತದ್ದನ್ನು ಮೊದಲು, ಗೆದ್ದದ್ದನ್ನು ಆಮೇಲೆ, ಪೂರ್ತಿಯಾಗಿ ನೋಡಲಿ. ನೋಡುವಾಗ ಚೆಂಡು ಕ್ಲಾರ್ಕ್ ಅವರ ಕೈಬಿಟ್ಟ ಮೇಲೆ ಎಲ್ಲಿ ಹೋಗುತ್ತದೆ, ಆಗ ಸಿನಾನೊ ಎಲ್ಲಿ ನಿಂತಿದ್ದಾರೆ, ಎರಡನೆಯ ರಕ್ಷಕಿ ಯಾರನ್ನು ಬಿಟ್ಟು ಬಂದಳು ಎಂಬ ಮೂರು ಸಂಗತಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಲಿ.